ಮದ್ದಿನ ಅಳತೆ ಯಾರ ಕೈಯಲ್ಲಿ?

1865ರ ಏಪ್ರಿಲ್ 14ರ ರಾತ್ರಿ. ವಾಷಿಂಗ್ಟನ್ ನಗರದ ಫೋರ್ಡ್ ನಾಟಕ ಮಂದಿರದಲ್ಲಿ ಅಧ್ಯಕ್ಷ ಅಬ್ರಹಾಂ ಲಿಂಕನ್ ಕುಳಿತಿದ್ದ ಮೇಲಂತಸ್ತಿನ ಕೊಠಡಿಗೆ ನುಸುಳಿದ ಜಾನ್ ವಿಲ್ಕ್ಸ್ ಬೂತ್‌ನ ಬಳಿ ಎರಡು ಆಯುಧಗಳಿದ್ದವು. ಒಂದು, ಅಂಗೈಯಲ್ಲಿ ಮರೆಯಾಗುವಷ್ಟು ಪುಟ್ಟ ಪಿಸ್ತೂಲು. ಫಿಲಡೆಲ್ಫಿಯಾದ ಹೆನ್ರಿ ಡೆರಿಂಜರ್ ಎಂಬ ಕುಶಲಕರ್ಮಿ ಮಾಡಿದ್ದು. ಉದ್ದ ಆರು ಅಂಗುಲಕ್ಕೂ ತುಸು ಕಡಿಮೆ. ಇನ್ನೊಂದು, ಉದ್ದನೆಯ ಚೂರಿ. ಪಿಸ್ತೂಲಿದ್ದವನಿಗೆ ಚೂರಿ ಏಕೆ? ಉತ್ತರ ಸರಳ. ಆ ಪಿಸ್ತೂಲಿನಲ್ಲಿದ್ದದ್ದು ಒಂದೇ ಈಡು. ಅದು ಹಾರಿದ ಮೇಲೆ ನಳಿಗೆಯ ಬಾಯಿಂದ ಮದ್ದು ಸುರಿದು, ಗುಂಡು ಜಡಿದು, ಕೇಪು ಕೂರಿಸುವಷ್ಟರಲ್ಲಿ ಹಂತಕನನ್ನು ಯಾರಾದರೂ ಹಿಡಿದುಬಿಡುತ್ತಿದ್ದರು. ಬೂತ್ ಹಾಗೆಯೇ ಮಾಡಿದ. ಗುಂಡು ಹಾರಿಸಿದ, ಪಿಸ್ತೂಲನ್ನು ಅಲ್ಲೇ ಕೆಡವಿದ, ತಡೆಯಲು ಬಂದ ಮೇಜರ್ ರಾತ್‌ಬೋನ್‌ನನ್ನು ಚೂರಿಯಿಂದ ಇರಿದು ವೇದಿಕೆಗೆ ಧುಮುಕಿದ.

ಆ ಕಾಲದಲ್ಲಿ ಕೋವಿ ಹಿಡಿದವರು ಬಹುಮಟ್ಟಿಗೆ ತಮ್ಮ ಮದ್ದನ್ನು ತಾವೇ ತುಂಬಿಕೊಳ್ಳುತ್ತಿದ್ದರು. ಇಂದು ‘ಹ್ಯಾಂಡ್‌ಲೋಡಿಂಗ್’ ಎಂಬ ಹೆಸರಿನಲ್ಲಿ ಅಮೆರಿಕದಲ್ಲಿ ಮನೆಮನೆಯ ಹವ್ಯಾಸವಾಗಿರುವ ಕೆಲಸ, ಆಗ ಗುಂಡು ಹೊಡೆಯುವವನ ದಿನನಿತ್ಯದ ಪಾಡು. ಕಾರ್ಖಾನೆಯ ತೋಟಾ ಬಂದ ಮೇಲೆ ಈ ಪಾಡು ತಪ್ಪಿತು. ಆದರೆ ಅದರೊಂದಿಗೇ ಮದ್ದಿನ ಅಳತೆ ಹೊಡೆಯುವವನ ಕೈತಪ್ಪಿ ಬೇರೆಯವರ ಕೈ ಸೇರಿತು. ಈ ಕೈ ಬದಲಾವಣೆಯ ಕತೆ ಬಂದೂಕಿನ ಚರಿತ್ರೆಯಷ್ಟೇ ಕುತೂಹಲಕರವಾದದ್ದು.

ಕನ್ನಡದಲ್ಲಿ ರೋಗಕ್ಕೆ ಕೊಡುವುದೂ ಮದ್ದು, ಕೋವಿಗೆ ತುಂಬುವುದೂ ಮದ್ದು. ಎರಡರಲ್ಲೂ ಪ್ರಮಾಣ ತಪ್ಪಿದರೆ ಅಪಾಯ. ಹದಿನೇಳನೆಯ ಶತಮಾನದ ಯುರೋಪಿನ ಬತ್ತಿಕೋವಿಯ ಸಿಪಾಯಿ ಈ ಪ್ರಮಾಣವನ್ನು ಎದೆಗೆ ಅಡ್ಡಲಾಗಿ ನೇತುಹಾಕಿಕೊಂಡೇ ತಿರುಗುತ್ತಿದ್ದ. ತೊಗಲಿನ ಪಟ್ಟಿಯೊಂದರಲ್ಲಿ ಜೋಲಾಡುವ ಮರದ ಪುಟ್ಟ ಕುಪ್ಪಿಗಳು; ಒಂದೊಂದರಲ್ಲೂ ಒಂದೊಂದು ಈಡಿಗೆ ಬೇಕಾದಷ್ಟೇ ಮದ್ದು. ಸಾಮಾನ್ಯವಾಗಿ ಹನ್ನೆರಡು ಇರುತ್ತಿದ್ದುದರಿಂದ ಅವಕ್ಕೆ ಏಸುವಿನ ಹನ್ನೆರಡು ಶಿಷ್ಯರ ಹೆಸರು ಅಂಟಿಕೊಂಡಿತು. ಮುಂದೆ ಮರದ ಕುಪ್ಪಿಯ ಬದಲು ಕಾಗದದ ಸುರುಳಿ ಬಂತು. ಮದ್ದು ಮತ್ತು ಗುಂಡು ಎರಡನ್ನೂ ಒಂದೇ ಕಾಗದದಲ್ಲಿ ಸುತ್ತಿಟ್ಟರೆ ಯುದ್ಧದ ಗಡಿಬಿಡಿಯಲ್ಲಿ ಅಳೆಯುವ ಕಷ್ಟವಿಲ್ಲ. ಹಲ್ಲಿನಿಂದ ತುದಿ ಕಿತ್ತು, ಮದ್ದು ಸುರಿದು, ಗುಂಡನ್ನು ಜಡಿದರಾಯಿತು. ಹಳೆಯ ಬರಹಗಳಲ್ಲಿ ಬರುವ ‘ಕಾಡತೂಸು’ ಇದೇ.

ಈ ಕಾಡತೂಸನ್ನು ಭಾರತೀಯರು ಮರೆಯುವಂತಿಲ್ಲ. 1853ರ ಮಾದರಿಯ ಎನ್‌ಫೀಲ್ಡ್ ರೈಫಲ್‌ಗೆ ಬೇಕಾದ ಕಾಡತೂಸುಗಳಿಗೆ ದನದ ಮತ್ತು ಹಂದಿಯ ಕೊಬ್ಬು ಸವರಿದ್ದಾರೆಂಬ ಸುದ್ದಿ 1857ರ ಜನವರಿಯಲ್ಲಿ ಕಲ್ಕತ್ತೆಯ ಬಳಿಯ ಡಂಡಂನಿಂದ ಹಬ್ಬಿತು. ಅದರ ಪರಿಣಾಮ ಎಲ್ಲರಿಗೂ ಗೊತ್ತಿರುವಂಥದ್ದು. ಅಷ್ಟಾಗಿ ನೆನಪಿನಲ್ಲಿರದ ಸಂಗತಿ ಇನ್ನೊಂದಿದೆ. ಅದೇ ತಿಂಗಳ ಕೊನೆಯಲ್ಲಿ ಸರ್ಕಾರ ಕೊಬ್ಬಿಲ್ಲದ ಕಾಡತೂಸು ಕೊಡುವಂತೆಯೂ, ಸಿಪಾಯಿಗಳು ತಮಗೆ ಒಪ್ಪಿಗೆಯಾದ ಜಿಡ್ಡನ್ನು ತಾವೇ ಸವರಿಕೊಳ್ಳಬಹುದೆಂದೂ ಆಜ್ಞೆ ಹೊರಡಿಸಿತು. ಹಲ್ಲಿನಲ್ಲಿ ಕಚ್ಚುವ ಬದಲು ಕೈಯಲ್ಲಿ ಹರಿಯುವ ಕ್ರಮವನ್ನೂ ತಂದಿತು. ಅಷ್ಟು ಹೊತ್ತಿಗೆ ಕಾಲ ಮಿಂಚಿತ್ತು. ಏಪ್ರಿಲ್ 24ರಂದು ಮೀರತ್‌ನಲ್ಲಿ ಮೂರನೆಯ ಅಶ್ವದಳದ 90 ಸವಾರರ ಮುಂದೆ ಕಾಡತೂಸು ಇಟ್ಟಾಗ 85 ಮಂದಿ ಮುಟ್ಟಲಿಲ್ಲ. ಅವರಿಗೆ ಕೊಟ್ಟದ್ದು ಅವರು ಮೊದಲಿನಿಂದ ಬಳಸುತ್ತಿದ್ದ ಹಳೆಯ ಬಗೆಯದೇ ಆಗಿತ್ತು. ಆದರೆ ಎಲ್ಲೋ ಯಾರೋ ಸುತ್ತಿದ ಸುರುಳಿಯೊಳಗೆ ಏನಿದೆಯೆಂದು ಹೊಡೆಯುವವನಿಗೆ ಹೇಗೆ ಗೊತ್ತಾಗಬೇಕು? ತಯಾರಿಸಿದವನ ಮೇಲಿನ ನಂಬಿಕೆ ಒಮ್ಮೆ ಹೋದ ಮೇಲೆ ಯಾವ ಆಜ್ಞೆಯೂ ಅದನ್ನು ಮರಳಿ ತರಲಾರದು.

ಕಾಗದದಿಂದ ಲೋಹಕ್ಕೆ ಹೋಗುವ ದಾರಿ ತೆರೆದವನು ಒಬ್ಬ ಪಾದ್ರಿ ಎಂಬುದು ಸ್ವಾರಸ್ಯದ ವಿಷಯ. ಸ್ಕಾಟ್ಲೆಂಡಿನ ಬೆಲ್‌ಹೆಲ್ವಿ ಎಂಬ ಊರಿನ ಅಲೆಕ್ಸಾಂಡರ್ ಫೋರ್ಸೈತ್‌ಗೆ ಬಾತುಕೋಳಿ ಬೇಟೆಯ ಗೀಳು. ಚಕಮಕಿ ಕೋವಿಯ ಕುದುರೆ ಎಳೆದೊಡನೆ ಮೊದಲು ಕಾಣುವುದು ಹೊರಗಿನ ಬಟ್ಟಲಿನ ಕಿಡಿ. ಗುಂಡು ಹೊರಡುವುದು ಆಮೇಲೆ. ಆ ಅರೆಗಳಿಗೆಯಲ್ಲಿ ಹಕ್ಕಿ ಹಾರಿಬಿಡುತ್ತಿತ್ತು. ಪೆಟ್ಟು ಬಿದ್ದೊಡನೆ ಸಿಡಿಯುವ ರಾಸಾಯನಿಕವನ್ನು ಕಿಡಿಯ ಬದಲು ಬಳಸುವ ವಿಧಾನಕ್ಕೆ ಅವನು 1807ರಲ್ಲಿ ಪೇಟೆಂಟ್ ಪಡೆದ. ಆ ರಾಸಾಯನಿಕವನ್ನು ತಾಮ್ರದ ಪುಟ್ಟ ಟೊಪ್ಪಿಗೆಯಲ್ಲಿ ತುಂಬುವುದು ಕೆಲವೇ ವರ್ಷಗಳಲ್ಲಿ ರೂಢಿಗೆ ಬಂತು. ಮಲೆನಾಡಿನವರು ‘ಕೇಪು’ ಎನ್ನುವುದು ಇದನ್ನೇ. ಬೂತ್‌ನ ಪಿಸ್ತೂಲೂ ಕೇಪಿನದೇ.

ಕೇಪು, ಮದ್ದು, ಗುಂಡು ಮೂರನ್ನೂ ಒಂದೇ ಕೊಳವೆಯಲ್ಲಿ ಕೂರಿಸಿದರೆ ಹೇಗೆ ಎಂಬ ಯೋಚನೆ ಮುಂದಿನ ಹೆಜ್ಜೆ. ಪ್ಯಾರಿಸ್ಸಿನಲ್ಲಿದ್ದ ಸ್ವಿಸ್ ಕುಶಲಕರ್ಮಿ ಸ್ಯಾಮ್ಯುಯೆಲ್ ಪಾವ್ಲಿ 1812ರಲ್ಲೇ ಅಂಥದೊಂದನ್ನು ಮಾಡಿದ್ದ. ನಡುವೆ ಹತ್ತಾರು ಪ್ರಯೋಗಗಳಾದವು. ಎಲ್ಲವನ್ನೂ ಇಲ್ಲಿ ಹೇಳಬೇಕಾಗಿಲ್ಲ. ನಮ್ಮ ಕತೆಗೆ ಮುಖ್ಯವಾದದ್ದು 1866. ಆ ವರ್ಷದ ಸುಮಾರಿಗೆ ಇಬ್ಬರು ಸೈನಿಕರು ಬೇರೆ ಬೇರೆ ದೇಶಗಳಲ್ಲಿ ತೋಟಾದ ಬುಡದ ನಟ್ಟನಡುವೆ ಕೇಪು ಕೂರಿಸುವ ವಿಧಾನ ಕಂಡುಕೊಂಡರು: ಅಮೆರಿಕದ ಹೈರಮ್ ಬರ್ಡನ್ ಮತ್ತು ಇಂಗ್ಲೆಂಡಿನ ವುಲಿಚ್ ಶಸ್ತ್ರಾಗಾರದ ಎಡ್ವರ್ಡ್ ಬಾಕ್ಸರ್. ಬಾಕ್ಸರನ ಪದ್ಧತಿಯಲ್ಲಿ ಕೇಪಿನ ಬೆಂಕಿ ಮದ್ದಿಗೆ ದಾಟಲು ಕೊಳವೆಯ ಬುಡದಲ್ಲಿ ನಡುವೆ ಒಂದೇ ತೂತು. ಬರ್ಡನ್ನನದರಲ್ಲಿ ಸಾಮಾನ್ಯವಾಗಿ ಪಕ್ಕಕ್ಕೆ ಎರಡು ಸಣ್ಣ ತೂತು.

ಇಷ್ಟು ಸಣ್ಣ ವ್ಯತ್ಯಾಸ ಮುಂದಿನ ನೂರೈವತ್ತು ವರ್ಷಗಳ ಒಂದು ಹವ್ಯಾಸದ ಹಣೆಬರಹವನ್ನೇ ಬರೆಯಿತು. ನಡುವೆ ತೂತಿದ್ದರೆ, ಖಾಲಿ ತೋಟಾದೊಳಕ್ಕೆ ಒಂದು ಸೂಜಿ ಇಳಿಸಿ ಒತ್ತಿದಾಕ್ಷಣ ಹಳೆಯ ಕೇಪು ಉದುರಿಬೀಳುತ್ತದೆ; ಹೊಸದನ್ನು ಕೂರಿಸಬಹುದು. ಪಕ್ಕದ ಎರಡು ತೂತಿನದಾದರೆ ಈ ಸುಲಭವಿಲ್ಲ. ವಿಚಿತ್ರವೆಂದರೆ ಆಂಗ್ಲನ ಪದ್ಧತಿ ಅಮೆರಿಕದಲ್ಲಿ ಬೇರುಬಿಟ್ಟಿತು, ಅಮೆರಿಕನ್ನನ ಪದ್ಧತಿ ಯುರೋಪಿಗೆ ಹೋಯಿತು. ತೋಟಾ ಮರುತುಂಬುವ ಕೆಲಸ ಅಮೆರಿಕದಲ್ಲಿ ಅಷ್ಟು ವ್ಯಾಪಕವಾದದ್ದಕ್ಕೆ ಅಲ್ಲಿನ ಬಂದೂಕಿನ ವ್ಯಾಮೋಹವಷ್ಟೇ ಅಲ್ಲ, ಈ ನಡುವಿನ ತೂತೂ ಒಂದು ಕಾರಣ.

ಇನ್ನೊಂದು ಕಾರಣ ಹಿತ್ತಾಳೆಯ ಬೆಲೆ. ತೋಟಾದಲ್ಲಿ ಮದ್ದು ಉರಿದುಹೋಗುತ್ತದೆ, ಗುಂಡು ಹಾರಿಹೋಗುತ್ತದೆ, ಕೇಪು ಸಿಡಿಯುತ್ತದೆ. ಉಳಿಯುವ ಹಿತ್ತಾಳೆಯ ಕೊಳವೆಯೇ ನಾಲ್ಕರಲ್ಲೂ ದುಬಾರಿ. ಅದನ್ನು ಎಸೆಯಲು ಯಾವ ಗೃಹಸ್ಥನಿಗೆ ಮನಸ್ಸು ಬಂದೀತು? 1870ರ ದಶಕದಲ್ಲಿ ಅಮೆರಿಕದ ಬಯಲುಗಳಲ್ಲಿ ಕಾಡೆಮ್ಮೆಗಳನ್ನು ಸಾವಿರಗಟ್ಟಲೆ ಕೊಂದ ಬೇಟೆಗಾರರು ಬಿಡಾರಕ್ಕೆ ಬಂದು ಒಲೆಯಲ್ಲಿ ಸೀಸ ಕರಗಿಸಿ, ಅಚ್ಚಿಗೆ ಹೊಯ್ದು, ಹಗಲಲ್ಲಿ ಖಾಲಿಯಾದ ತೋಟಾಗಳನ್ನು ರಾತ್ರಿ ತುಂಬುತ್ತಿದ್ದರು. ಆ ಮಿತವ್ಯಯವೇ ಒಂದು ಪ್ರಾಣಿಸಂಕುಲವನ್ನು ವಿನಾಶದ ಅಂಚಿಗೆ ತಳ್ಳಲು ನೆರವಾಯಿತೆಂಬುದೂ ನಿಜ. ಅಮೆರಿಕದ ಸೈನ್ಯವೂ ಗುರಿ ಅಭ್ಯಾಸಕ್ಕೆ ಬೇಕಾದ ತೋಟಾಗಳನ್ನು ಠಾಣೆಗಳಲ್ಲೇ ಮರುತುಂಬಿಸುತ್ತಿತ್ತು. 1884ರಲ್ಲಿ ಕನೆಕ್ಟಿಕಟ್ ರಾಜ್ಯದ ನ್ಯೂಹೇವನ್‌ನಲ್ಲಿ ಜಾನ್ ಬಾರ್ಲೊ ‘ಐಡಿಯಲ್’ ಎಂಬ ಕಂಪನಿ ಆರಂಭಿಸಿ ಇಕ್ಕಳದಂಥ ಉಪಕರಣವೊಂದನ್ನು ಮಾರತೊಡಗಿದ. ಜೇಬಿನಲ್ಲಿ ಹಿಡಿಸುವ ಆ ಇಕ್ಕಳದಿಂದ ಕೇಪು ಕೂರಿಸುವುದು, ಗುಂಡು ಒತ್ತುವುದು ಎಲ್ಲವೂ ಸಾಧ್ಯವಿತ್ತು. ಜೊತೆಗೆ ಅವನು ಅಚ್ಚುಹಾಕಿಸಿದ ಕೈಪಿಡಿಗಳು ಮುಂದಿನ ಪೀಳಿಗೆಗೆ ಪಾಠವಾದವು.

ಆಗಿನ ತೋಟಾಗಳ ಹೆಸರುಗಳನ್ನು ಗಮನಿಸಬೇಕು. .45-70, .44-40, .32-20. ಮೊದಲ ಅಂಕಿ ಗುಂಡಿನ ದಪ್ಪದ ಲೆಕ್ಕ, ಅಂಗುಲದ ನೂರನೆಯ ಭಾಗಗಳಲ್ಲಿ ಹೇಳುವ ವ್ಯಾಸ. ಎರಡನೆಯದು ಎಷ್ಟು ಗ್ರೇನ್ ಕಪ್ಪುಮದ್ದು ಹಿಡಿಸುತ್ತದೆ ಎಂಬುದು. ಹೆಸರಿನಲ್ಲೇ ಪಾಕವಿಧಾನ! ಕಪ್ಪುಮದ್ದು ಕೊಳವೆಯನ್ನು ತುಂಬಿಕೊಳ್ಳುತ್ತಿದ್ದುದರಿಂದ ಕೈತಪ್ಪಿ ಎರಡರಷ್ಟು ಸುರಿಯಲು ಜಾಗವೇ ಇರಲಿಲ್ಲ. ಅಳತೆ ಗೊತ್ತಿಲ್ಲದವನನ್ನೂ ಕೊಳವೆಯೇ ಕಾಪಾಡುತ್ತಿತ್ತು.

1884ರಲ್ಲಿ ಫ್ರಾನ್ಸಿನ ಪೋಲ್ ವಿಯೆಲ್ ಹೊಗೆಯಿಲ್ಲದ ಮದ್ದನ್ನು ಸಿದ್ಧಪಡಿಸಿದಾಗ ಈ ರಕ್ಷಣೆ ಹೊರಟುಹೋಯಿತು. ಕಪ್ಪುಮದ್ದು ಉರಿದಾಗ ಅರ್ಧಕ್ಕಿಂತ ಹೆಚ್ಚು ಭಾಗ ಮಸಿಯಾಗಿ, ಹೊಗೆಯಾಗಿ ಉಳಿಯುತ್ತದೆ. ಹೊಸ ಮದ್ದು ಬಹುಪಾಲು ಅನಿಲವಾಗಿಬಿಡುತ್ತದೆ. ಅದೇ ಕೆಲಸಕ್ಕೆ ಬಹಳ ಕಡಿಮೆ ಸಾಕು. ಹಳೆಯ ಅಭ್ಯಾಸದಂತೆ ಕೊಳವೆಯನ್ನು ಬಾಯಿಮಟ್ಟ ತುಂಬಿದವರ ಬಂದೂಕುಗಳು ಒಡೆದುಹೋದವು. ಕೈ ಕಳೆದುಕೊಂಡವರೂ ಇದ್ದರು. ಅಲ್ಲಿಂದ ಮುಂದೆ ತಕ್ಕಡಿಯಿಲ್ಲದೆ ಮದ್ದು ಮುಟ್ಟುವುದು ಹುಚ್ಚುತನವಾಯಿತು. ಹೊಗೆರಹಿತ ಮದ್ದು ಭಾರತದಲ್ಲೂ ತಯಾರಾಗತೊಡಗಿತು. ಮೈಸೂರು ಸೀಮೆಗೆ ಅಂಟಿಕೊಂಡಂತಿರುವ ನೀಲಗಿರಿಯ ಅರುವಂಕಾಡಿನಲ್ಲಿ 20ನೆಯ ಶತಮಾನದ ಆರಂಭದಲ್ಲಿ ನಿಂತ ಕಾರ್ಡೈಟ್ ಕಾರ್ಖಾನೆ ಇದಕ್ಕಾಗಿಯೇ ಕಟ್ಟಿದ್ದು.

ಹೊಸ ಮದ್ದು ಪಿಸ್ತೂಲಿನ ರೂಪವನ್ನೇ ಬದಲಿಸಿತು. ಕಡಿಮೆ ಮದ್ದು ಎಂದರೆ ಸಣ್ಣ ತೋಟಾ. ಸಣ್ಣ ತೋಟಾ ಎಂದರೆ ಹಿಡಿಯೊಳಗೇ ಆರೇಳು ತೋಟಾ ಅಡಗಿಸಿಡಬಹುದಾದ ಪುಟ್ಟ ಆಯುಧ. ಮಸಿ ಕಟ್ಟದ ಕಾರಣ ಗುಂಡಿನ ಹಿನ್ನೊದೆತದಿಂದಲೇ ಖಾಲಿ ತೋಟಾ ಹೊರಗೆಸೆದು ಮುಂದಿನದನ್ನು ತಾನೇ ಎಳೆದುಕೊಳ್ಳುವ ಯಂತ್ರವೂ ಸಾಧ್ಯವಾಯಿತು. ಅಮೆರಿಕದ ಜಾನ್ ಬ್ರೌನಿಂಗ್ ಬೆಲ್ಜಿಯಮ್ಮಿನ ಎಫ್.ಎನ್. ಕಾರ್ಖಾನೆಗಾಗಿ ರೂಪಿಸಿದ ಪಿಸ್ತೂಲುಗಳು ಯುರೋಪಿನ ಜೇಬು ಜೇಬಿಗೂ ಇಳಿದವು. ಅವನ ತೋಟಾಗಳಲ್ಲಿ ಒಂದು, 1908ರಲ್ಲಿ ಬಂದ .380. ಯುರೋಪಿನಲ್ಲಿ ಅದಕ್ಕೆ ‘9 ಎಂ.ಎಂ. ಶಾರ್ಟ್’ ಎಂದು ಹೆಸರು, ಇಟಲಿಯಲ್ಲಿ ‘ಕೋರ್ಟೊ’. ಅರ್ಥ ಒಂದೇ, ಗಿಡ್ಡ.

1914ರ ಜೂನ್ 28ರಂದು ಸರಾಯೆವೊದಲ್ಲಿ ಗಾವ್ರಿಲೊ ಪ್ರಿನ್ಸಿಪ್ ಆಸ್ಟ್ರಿಯದ ಯುವರಾಜ ಫ್ರಾನ್ಸ್ ಫರ್ಡಿನಾಂಡ್ ಮತ್ತವನ ಪತ್ನಿ ಸೋಫಿಯರ ಮೇಲೆ ಎರಡು ಗುಂಡು ಹಾರಿಸಿದ್ದು ಎಫ್.ಎನ್.ನ 1910ರ ಮಾದರಿಯ ಪಿಸ್ತೂಲಿನಿಂದ. ತೋಟಾ ಈ ಗಿಡ್ಡ ಒಂಬತ್ತರದು. 1948ರ ಜನವರಿ 30ರಂದು ದೆಹಲಿಯ ಬಿರ್ಲಾ ಭವನದಲ್ಲಿ ಮಹಾತ್ಮ ಗಾಂಧಿಯವರ ಮೇಲೆ ನಾಥೂರಾಮ ಗೋಡ್ಸೆ ಮೂರು ಗುಂಡು ಹಾರಿಸಿದ್ದು, ಗ್ವಾಲಿಯರ್‌ನಲ್ಲಿ ಕೆಲವೇ ದಿನ ಮುಂಚೆ ಸಂಪಾದಿಸಿದ್ದ ಇಟಲಿಯ ಬೆರೆಟ್ಟಾದಿಂದ. ಅದರದೂ ಅದೇ ತೋಟಾ. ಮೂವತ್ತನಾಲ್ಕು ವರ್ಷಗಳ ಅಂತರದ ಎರಡು ಕೊಲೆಗಳು, ಅಳತೆ ಒಂದೇ. ಬೂತ್‌ನಂತೆ ಈ ಇಬ್ಬರಿಗೂ ಮದ್ದು ತುಂಬುವ, ಚೂರಿ ಒಯ್ಯುವ ಅಗತ್ಯ ಬೀಳಲಿಲ್ಲ. ಆ ಕೆಲಸವನ್ನು ಕಾರ್ಖಾನೆ ಮುಗಿಸಿಕೊಟ್ಟಿತ್ತು.

ಕಾರ್ಖಾನೆಯ ತೋಟಾ ಇಷ್ಟು ಅಗ್ಗವಾಗಿ, ನಂಬಿಕೆಯದಾಗಿ ಸಿಗತೊಡಗಿದ ಮೇಲೆ ಕೈಕೆಲಸ ಸಾಯಬೇಕಿತ್ತು. ಸಾಯಲಿಲ್ಲ. 1920 ಮತ್ತು 30ರ ದಶಕಗಳಲ್ಲಿ ಅಮೆರಿಕದ ಹವ್ಯಾಸಿಗಳು ಕಾರ್ಖಾನೆಯನ್ನೇ ಮೀರಿಸಲು ಹೊರಟರು. ಅವರಲ್ಲಿ ಹೆಸರಾದವನು ಎಲ್ಮರ್ ಕೀತ್ ಎಂಬ ದನಗಾಹಿ. .45 ಕೋಲ್ಟ್ ರಿವಾಲ್ವರಿಗೆ ಮಿತಿಮೀರಿ ಮದ್ದು ತುಂಬಿ ಒಡೆದುಕೊಂಡ ಆಸಾಮಿ, ಹಟ ಬಿಡದೆ .44ಕ್ಕೆ ಬದಲಾಯಿಸಿದ. ಅವನ ವರ್ಷಗಟ್ಟಲೆಯ ಪ್ರಯೋಗಗಳ ಫಲವಾಗಿ 1955ರಲ್ಲಿ .44 ಮ್ಯಾಗ್ನಂ ಕಾರ್ಖಾನೆಯಿಂದ ಹೊರಬಂತು. ಫಿಲಿಪ್ ಶಾರ್ಪ್ 1937ರಲ್ಲಿ ಈ ವಿದ್ಯೆಗೆ ದಪ್ಪನೆಯ ಗ್ರಂಥವನ್ನೇ ಬರೆದ. 1958ರಲ್ಲಿ ವಿಸ್ಕಾನ್ಸಿನ್ ರಾಜ್ಯದ ರಿಚರ್ಡ್ ಲೀ ಮರದ ಸುತ್ತಿಗೆಯಿಂದ ಬಡಿದು ತೋಟಾ ಕಟ್ಟುವ ಅಗ್ಗದ ಪೆಟ್ಟಿಗೆಯೊಂದನ್ನು ಮಾರುಕಟ್ಟೆಗೆ ತಂದಾಗ, ಕೆಲಸ ಅಡುಗೆಮನೆಯ ಮೇಜಿನವರೆಗೂ ಬಂತು.

ಇಂದು ಅಲ್ಲಿ ಹೊಸದಾಗಿ ಇದನ್ನು ಕಲಿಯುವವರಲ್ಲಿ ಬಹಳಷ್ಟು ಮಂದಿ ಆರಂಭಿಸುವುದು ಸಣ್ಣ ಪಿಸ್ತೂಲಿನ 9 ಎಂ.ಎಂ. ತೋಟಾದಿಂದ. ಇದು ಗಿಡ್ಡ ಒಂಬತ್ತಲ್ಲ, ಆಸ್ಟ್ರಿಯದ ಗಿಯೊರ್ಗ್ ಲೂಗರ್ 1902ರಲ್ಲಿ ರೂಪಿಸಿದ, ಕೊಳವೆ 19 ಮಿಲಿಮೀಟರ್ ಉದ್ದವಿರುವ ತೋಟಾ. ನೋಡಲು ಕೆಲಸ ಸುಲಭ. ಹೊಡೆದಾಗ ಹಿಗ್ಗಿದ ಕೊಳವೆಯನ್ನು ಅಚ್ಚಿನಲ್ಲಿ ಒತ್ತಿ ಮೊದಲಿನ ಗಾತ್ರಕ್ಕೆ ತರುವುದು, ಹಳೆ ಕೇಪು ತೆಗೆದು ಹೊಸತು ಕೂರಿಸುವುದು, ಮದ್ದು ಹಾಕುವುದು, ಗುಂಡು ಒತ್ತುವುದು. ಕಷ್ಟವಿರುವುದು ಮೂರನೆಯದರಲ್ಲಿ. ಈ ತೋಟಾಕ್ಕೆ ಬೇಕಾದ ಮದ್ದು ಹೆಚ್ಚಿನ ಸಂದರ್ಭದಲ್ಲಿ ನಾಲ್ಕೈದು ಗ್ರೇನ್ ಆಸುಪಾಸು. ಒಂದು ಪೌಂಡಿಗೆ 7000 ಗ್ರೇನ್. ಒಂದು ಗ್ರೇನ್ ಎಂದರೆ ಮೂಲದಲ್ಲಿ ಒಂದು ಬಾರ್ಲಿ ಕಾಳಿನ ತೂಕ. ನಮ್ಮ ಅಕ್ಕಸಾಲಿಗರ ಭಾಷೆಯಲ್ಲಿ ಹೇಳುವುದಾದರೆ ಒಂದು ಈಡಿಗೆ ಎರಡು, ಎರಡೂವರೆ ಗುಲಗಂಜಿಯಷ್ಟು. ಅರ್ಧ ಗ್ರೇನ್ ಹೆಚ್ಚಾದರೂ ಒತ್ತಡ ಮಿತಿ ದಾಟಬಹುದು. ಗುಂಡನ್ನು ಕೂದಲೆಳೆಯಷ್ಟು ಹೆಚ್ಚು ಆಳಕ್ಕೆ ಒತ್ತಿದರೂ ಅಷ್ಟೇ, ಏಕೆಂದರೆ ಅಷ್ಟು ಪುಟ್ಟ ಕೊಳವೆಯಲ್ಲಿ ಮದ್ದಿಗೆ ಉಳಿಯುವ ಜಾಗ ಕಡಿಮೆಯಾಗುತ್ತದೆ.

ಎಲ್ಲಕ್ಕಿಂತ ಭಯದ ವಿಷಯ ಇನ್ನೊಂದಿದೆ. ಹಲವು ಬಗೆಯ ಮದ್ದು ಕೊಳವೆಯ ಅರ್ಧವನ್ನೂ ತುಂಬುವುದಿಲ್ಲ. ಮಾತಾಡುತ್ತ, ರೇಡಿಯೊ ಕೇಳುತ್ತ ಒಂದೇ ಕೊಳವೆಗೆ ಎರಡು ಸಲ ಸುರಿದರೂ ಗುಂಡು ಕೂತುಬಿಡುತ್ತದೆ. ಹೊರಗಿನಿಂದ ಏನೂ ತಿಳಿಯದು. ಮರೆತು ಒಂದನ್ನು ಖಾಲಿ ಬಿಟ್ಟರೂ ಅಪಾಯವೇ. ಕೇಪಿನ ಬಲದಿಂದಷ್ಟೇ ಹೊರಟ ಗುಂಡು ನಳಿಗೆಯ ನಡುವೆ ಸಿಕ್ಕಿಕೊಳ್ಳುತ್ತದೆ, ಹಿಂದೆಯೇ ಬರುವ ಗುಂಡು ನಳಿಗೆಯನ್ನು ಸಿಡಿಸುತ್ತದೆ. ಆದ್ದರಿಂದ ಮದ್ದು ಮಾರುವ ಕಂಪನಿಗಳು ಪ್ರಯೋಗಶಾಲೆಯಲ್ಲಿ ಒತ್ತಡ ಅಳೆದು ಪ್ರಕಟಿಸಿದ ಕೋಷ್ಟಕಗಳನ್ನು ಬಿಟ್ಟು ಒಂದು ಗೆರೆಯೂ ಆಚೆ ಹೋಗಬಾರದೆಂಬುದು ಮೊದಲ ಪಾಠ. ಎರಡನೆಯದು, ಗುಂಡು ಕೂರಿಸುವ ಮುನ್ನ ತೂತುಹಲಗೆಯಲ್ಲಿ ಸಾಲಾಗಿ ನಿಲ್ಲಿಸಿದ ಕೊಳವೆಗಳೊಳಗೆ ಟಾರ್ಚ್ ಬಿಟ್ಟು ಎಲ್ಲದರಲ್ಲೂ ಮದ್ದು ಒಂದೇ ಮಟ್ಟದಲ್ಲಿದೆಯೇ ಎಂದು ನೋಡುವುದು. ಯಾವ ಯಂತ್ರ ಬಂದರೂ ಈ ಟಾರ್ಚಿನ ಕೆಲಸ ತಪ್ಪಿಲ್ಲ.

ಉಳಿತಾಯವೇ ಇದಕ್ಕೆಲ್ಲ ಕಾರಣವೆಂದು ಹವ್ಯಾಸಿಗಳು ಹೇಳುತ್ತಾರೆ. ಉಪಕರಣಗಳ ಬೆಲೆ ಹಿಡಿದರೆ 9 ಎಂ.ಎಂ.ನಂಥ ಅಗ್ಗದ ತೋಟಾದಲ್ಲಿ ಉಳಿಯುವುದು ಅಲ್ಪ. ನಿಜವಾದ ಲಾಭ ಕಂಡದ್ದು ಅಭಾವದ ದಿನಗಳಲ್ಲಿ. 2013ರಲ್ಲಿ, ಮತ್ತೆ 2020ರಲ್ಲಿ ಅಮೆರಿಕದ ಅಂಗಡಿಗಳ ಕಪಾಟುಗಳು ಬರಿದಾದಾಗ, ಖಾಲಿ ತೋಟಾಗಳನ್ನು ಡಬ್ಬಿಯಲ್ಲಿ ಕೂಡಿಟ್ಟವರು ಅಭ್ಯಾಸ ಮುಂದುವರಿಸಿದರು. ಆದರೆ 2020ರಲ್ಲಿ ಕೇಪುಗಳೇ ಮಾಯವಾದವು. ಹಿತ್ತಾಳೆ ಉಳಿಸಬಹುದು, ಸೀಸ ಎರಕ ಹೊಯ್ಯಬಹುದು. ಕೇಪಿಗೆ ಮಾತ್ರ ಕಾರ್ಖಾನೆಯ ಬಾಗಿಲು ಕಾಯಲೇಬೇಕು.

ಭಾರತದಲ್ಲಿ ಈ ಹವ್ಯಾಸ ಬೆಳೆಯಲಿಲ್ಲ. ಅದಕ್ಕೂ 1857ಕ್ಕೂ ನಂಟಿದೆ. ದಂಗೆಯ ಬೆನ್ನಿಗೇ ಬಂದ ನಿಶ್ಶಸ್ತ್ರೀಕರಣದ ಕಾಯಿದೆಯನ್ನು ಒಪ್ಪದೆ ಅದೇ ವರ್ಷದ ನವೆಂಬರಿನಲ್ಲಿ ಮುಧೋಳದ ಬಳಿಯ ಹಲಗಲಿಯ ಬೇಡರು ಎದ್ದುನಿಂತು ಊರನ್ನೇ ಕಳೆದುಕೊಂಡರು. ಲಾವಣಿಗಳು ಆ ಕತೆಯನ್ನು ಉಳಿಸಿವೆ. 1878ರ ಶಸ್ತ್ರಾಸ್ತ್ರ ಕಾಯಿದೆ ಪರವಾನಗಿಯ ಬಿಗಿಯನ್ನು ದೇಶಕ್ಕೆಲ್ಲ ಹರಡಿತು. ಸ್ವತಂತ್ರ ಭಾರತದ 1959ರ ಕಾಯಿದೆಯ ಐದನೆಯ ಕಲಮು ಮದ್ದುಗುಂಡಿನ ತಯಾರಿಕೆಗೂ ಪರವಾನಗಿ ಬೇಕೆನ್ನುತ್ತದೆ. 9 ಎಂ.ಎಂ. ನಿಷೇಧಿತ ಬೋರಿನ ಪಟ್ಟಿಯಲ್ಲಿದೆ. ಪರವಾನಗಿ ಸಿಕ್ಕ ನಾಗರಿಕನ ಪಾಲಿಗೆ ಬರುವುದು ಸಾಮಾನ್ಯವಾಗಿ ಕಾನ್ಪುರದಲ್ಲಿ ತಯಾರಾಗುವ.32. ಮೇಜಿನ ಮೇಲೆ ಪ್ರೆಸ್ಸು ಜೋಡಿಸಿ ತೋಟಾ ತುಂಬುವುದು ಇಲ್ಲಿ ಹವ್ಯಾಸವಲ್ಲ, ಅಪರಾಧ.

ಹಲಗಲಿಗೆ ದಕ್ಕದ್ದು ಕೊಡಗಿಗೆ ದಕ್ಕಿತು. 1861ರಲ್ಲಿ ಕೊಡವರಿಗೆ ಈ ನಿರ್ಬಂಧದಿಂದ ವಿನಾಯಿತಿ ಸಿಕ್ಕಿತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಲ್ಲದೆ ಬಂದೂಕು ಹೊಂದುವ ಈ ಅವಕಾಶವನ್ನು 2019ರಲ್ಲಿ ಕೇಂದ್ರ ಸರ್ಕಾರ ಇನ್ನೂ ಹತ್ತು ವರ್ಷ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟು ಎತ್ತಿಹಿಡಿಯಿತು. ಕೊಡಗಿನಲ್ಲೂ ಅದರ ಆಚೆಯ ಮಲೆನಾಡಿನಲ್ಲೂ ತೋಟಾ ಕೋವಿಯ ಜೊತೆಗೆ ಕೇಪಿನ ಕೋವಿಯೂ ಬಾಳಿತು. ನಳಿಗೆಗೆ ಮದ್ದು ಸುರಿದು, ನಾರು ಗಿಡಿದು, ಚರೆ ಹಾಕಿ, ಮತ್ತೆ ನಾರು ಜಡಿದು, ಕೊನೆಗೆ ಕೇಪು. ಬೆಲ್‌ಹೆಲ್ವಿಯ ಪಾದ್ರಿ ಬಾತುಕೋಳಿಗಾಗಿ ಕಂಡುಕೊಂಡದ್ದನ್ನು ಇಲ್ಲಿನ ರೈತ ಗದ್ದೆಗೆ ನುಗ್ಗುವ ಹಂದಿಯ ವಿರುದ್ಧ ಬಳಸಿದ. ಸೆಪ್ಟೆಂಬರ್ ಆರಂಭದ ಕೈಲ್‌ಪೊಳ್ದ್ ಹಬ್ಬದಲ್ಲಿ ಕೊಡವ ಮನೆಗಳ ಕೋವಿಗಳು ತೊಳೆಸಿಕೊಂಡು, ಗಂಧ ಹಚ್ಚಿಸಿಕೊಂಡು ಸಾಲಾಗಿ ನಿಲ್ಲುತ್ತವೆ. ನಳಿಗೆಯ ಬಾಯಲ್ಲಿ ಅಂದು ಇರುವುದು ತೋಕ್‌ಪೂ, ಆ ಹೊತ್ತಿಗೆ ಬೇಲಿಸಾಲಿನಲ್ಲಿ ಬೆಂಕಿಯಂತೆ ಅರಳುವ ಅಗ್ನಿಶಿಖೆಯ ಹೂ.